ಮಿಶನ್ ಮನೆಯ ಹುಡುಗರು: ಒಂದು ಸಿಂಹಾವಲೋಕನ

ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದು 2034ಕ್ಕೆ ಇನ್ನೂರು ವರ್ಷ ತುಂಬುತ್ತದೆ. ಅದರ ನೆನಪು ಈಗಲೇ ಅಲ್ಲಲ್ಲಿ ಮೇಲೇಳುತ್ತಿದೆ. 1843ರ ‘ಮಂಗಳೂರ ಸಮಾಚಾರ’, ಬಲ್ಮಠದ ಮುದ್ರಣಾಲಯ, ಜೆಪ್ಪುವಿನ ಹೆಂಚು, ಕಿಟೆಲರ 1894ರ ನಿಘಂಟು, ಇವೆಲ್ಲ ಕನ್ನಡಿಗರ ನಾಲಿಗೆಯ ಮೇಲೇ ಇವೆ. ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಆ ದೊಡ್ಡ ಕೆಲಸಗಳೆಲ್ಲ ನಡೆದದ್ದು ಒಂದು ಮನೆಯ ನೆರಳಿನಲ್ಲಿ. ಮಿಶನ್ ಕಂಪೌಂಡಿನ ಬಂಗಲೆ, ಅದರ ಪಕ್ಕದ ಉದ್ದನೆಯ ಮಾಳಿಗೆ, ಅಲ್ಲಿ ಚಾಪೆ ಹಾಸಿ ಮಲಗುತ್ತಿದ್ದ ಹುಡುಗರು, ಅವರಿಗೆ ಗಂಜಿ ಅಳೆದು ಬಡಿಸುತ್ತಿದ್ದ ಅಮ್ಮನವರು, ಸಂಜೆ ಎಲ್ಲರನ್ನೂ ಕೂಡಿಸಿಕೊಂಡು ಸತ್ಯವೇದ ಓದುತ್ತಿದ್ದ ಪಾದ್ರಿ ದೊರೆಗಳು. ಹೆತ್ತವರಿಲ್ಲದ, ಇದ್ದರೂ ಸಾಕಲಾರದ ಮನೆಗಳ ಮಕ್ಕಳು ಅಲ್ಲಿ ಬೆಳೆದು ಉಪದೇಶಿಗಳಾದರು, ಮಾಸ್ತರರಾದರು, ಅಚ್ಚುಮೊಳೆ ಜೋಡಿಸುವವರಾದರು, ನೇಕಾರರಾದರು. ಆ ಮನೆ ಈ ನಾಡಿಗೆ ಕೊಟ್ಟದ್ದೇನು, ತೆಗೆದುಕೊಂಡದ್ದೇನು, ಕೊಡುತ್ತೇನೆಂದು ಹೇಳಿ ಉಳಿಸಿಕೊಂಡ ಬಾಕಿ ಯಾವುದು ಎಂಬ ಲೆಕ್ಕವನ್ನು ಉತ್ಸವಕ್ಕೆ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಆರಂಭದಲ್ಲಿ ಅದು ನಿಜಕ್ಕೂ ಮನೆಯೇ ಆಗಿತ್ತು. 1834ರಲ್ಲಿ ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಬಂದರು. ಎರಡು ವರ್ಷಗಳ ಬಳಿಕ ಹರ್ಮನ್ ಮೊಗ್ಲಿಂಗ್ ಬಂದರು. ತರಗತಿಯ ಪಾಠವೊಂದರಿಂದ ಹುಡುಗರ ಬಾಳು ಬದಲಾಗದು, ಗುರು ಮತ್ತು ಶಿಷ್ಯ ಒಂದೇ ಸೂರಿನಡಿ ಬಾಳಬೇಕು ಎಂಬುದು ಮೊಗ್ಲಿಂಗರ ನಂಬಿಕೆ. ಈ ನೆಲದ ಗುರುಕುಲವನ್ನು ಬಲ್ಲ ಜನಕ್ಕೆ ಅದು ವಿಚಿತ್ರವಾಗಿ ಕಾಣಲಿಲ್ಲ. ಅವರು ಹುಡುಗರನ್ನು ತಮ್ಮೊಡನೆ ಇಟ್ಟುಕೊಂಡರು. ಪಾದ್ರಿಗಳ ಬಾಳುವೆ ಊರಿನವರ ಬಾಳುವೆಗೆ ಹತ್ತಿರವಾಗಬೇಕೆಂದು ವಾದಿಸಿದರು. 1844ರಲ್ಲಿ ಅವರ ಶಿಷ್ಯ, ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಪೇಟೆ ಕಲಕಿಹೋಯಿತು. ಗುರುವಿನ ‘ಹರ್ಮನ್’ ಎಂಬ ಹೆಸರು ಶಿಷ್ಯನ ಹೆಸರಿಗೂ ಸೇರಿತು. 1846ರಲ್ಲಿ ಮೊಗ್ಲಿಂಗರೊಡನೆ ಬಾಸೆಲಿಗೆ ಹೋದ ಕೌಂಡಿನ್ಯರು ಅಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿಯೇ ಹಿಂತಿರುಗಿದರು. ಮುಂದೆ ಮೊಗ್ಲಿಂಗರು ಕೊಡಗಿನಲ್ಲಿ ದಲಿತ ಕುಟುಂಬಗಳಿಗಾಗಿ ಆನಂದಪುರವನ್ನು ಕಟ್ಟಿದಾಗ ಆ ಕೆಲಸಕ್ಕೆ ಹೆಗಲು ಕೊಟ್ಟವರೂ ಅವರೇ. ಗುರುವಿಗೂ ಶಿಷ್ಯನಿಗೂ ನಡುವೆ ಬೆಳೆದದ್ದು ತಂದೆ ಮಕ್ಕಳ ಸಂಬಂಧ. ಆದರೆ ಆ ಸಂಬಂಧಕ್ಕಾಗಿ ಇನ್ನೊಂದು ಮನೆ ತನ್ನ ಮಗನನ್ನು ಕಳೆದುಕೊಂಡಿತ್ತು. ಅಂದು ಅತ್ತ ಆ ತಾಯಿತಂದೆಯರ ಮಾತು ಮಿಶನ್ನಿನ ವರದಿಗಳಲ್ಲಿ ಸಿಗುವುದು ಅಪರೂಪ; ನಮ್ಮ ಲೆಕ್ಕದಲ್ಲಾದರೂ ಅದಕ್ಕೆ ಜಾಗ ಇರಬೇಕು.

ಮಿಶನ್ ಮನೆಯ ದಿನಚರಿ ಹಳಬರಿಗೆಲ್ಲ ಗೊತ್ತಿರುವಂಥದು. ಇಪ್ಪತ್ತನೆಯ ಶತಮಾನದ ಬೋರ್ಡಿಂಗುಗಳಲ್ಲಿ ಬೆಳೆದವರಿಗೂ ಅದು ಹೆಚ್ಚು ಬದಲಾಗದೆ ದಕ್ಕಿತು. ನಸುಕಿನ ಗಂಟೆ, ಬಾವಿಕಟ್ಟೆಯ ಸ್ನಾನ, ಬೆಳಗಿನ ಪ್ರಾರ್ಥನೆ, ಗಂಜಿ ಊಟ, ಶಾಲೆ. ಮಧ್ಯಾಹ್ನ ತೋಟದಲ್ಲೋ ಮಗ್ಗದ ಮುಂದೋ ಕೈಕೆಲಸ, ದೀಪ ಹಚ್ಚಿದ ಮೇಲೆ ಪಾಠ, ಮಲಗುವ ಮುನ್ನ ಮತ್ತೆ ಪ್ರಾರ್ಥನೆ. ಹೆಚ್ಚಾಗಿ ಜರ್ಮನಿಯ ವುರ್ಟೆಂಬೆರ್ಗಿನ ಹಳ್ಳಿಗಳಿಂದ ಬಂದ ಆ ಪಾದ್ರಿಗಳಿಗೆ ದುಡಿಮೆಯೂ ಭಕ್ತಿಯೂ ಬೇರೆಯಾಗಿರಲಿಲ್ಲ. ಸಮಯ ಪೋಲು ಮಾಡುವುದು, ಸುಳ್ಳು ಹೇಳುವುದು, ಕೆಲಸಕ್ಕೆ ಮೈಗಳ್ಳತನ ಮಾಡುವುದು, ಮೂರನ್ನೂ ಅವರು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದರು. ಶಿಕ್ಷೆ ಕಠಿಣವಾಗಿತ್ತು. ಹಾಡು ಮಾತ್ರ ಧಾರಾಳವಾಗಿತ್ತು. ನಾಲ್ಕು ಸ್ವರಗಳಲ್ಲಿ ಕೂಡಿ ಹಾಡುವ ಪದ್ಧತಿ ಆ ಮನೆಗಳಿಂದಲೇ ನಮ್ಮ ಸಭೆಗಳಿಗೆ ಬಂದು ಇಂದಿಗೂ ಉಳಿದಿದೆ. ಕ್ರಿಸ್ತನ ಕಥೆಯನ್ನು ಈ ನಾಡಿನ ಛಂದಸ್ಸಿನಲ್ಲೇ ಹೇಳಬೇಕೆಂದು ಕಿಟೆಲರು 1862ರಲ್ಲಿ ‘ಕಥಾಮಾಲೆ’ ಬರೆದರು. ಜಾತಿ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡದ್ದು, ಒಂದೇ ಹಲಗೆಯ ಮೇಲೆ ಅಕ್ಷರ ತಿದ್ದಿದ್ದು ಆ ಕಾಲದ ಊರುಗಳಲ್ಲಿ ಸಣ್ಣ ಮಾತಾಗಿರಲಿಲ್ಲ. ಕರಾವಳಿಯಲ್ಲಿ, ಧಾರವಾಡ ಸೀಮೆಯಲ್ಲಿ ಎಷ್ಟೋ ಕುಟುಂಬಗಳ ಓದಿನ ಪರಂಪರೆ ಅಂಥ ಒಂದು ಪಂಕ್ತಿಯಿಂದ ಮೊದಲಾಯಿತು.

ಆ ಪಂಕ್ತಿಗೆ ಬಡಿಸಿದ ಹೆಂಗಸರ ಬಗ್ಗೆ ನಾವು ಬರೆದದ್ದು ತೀರ ಕಡಿಮೆ. ಪಾದ್ರಿಗಳ ಮದುವೆಗೆ ಬಾಸೆಲಿನ ಸಮಿತಿಯ ಒಪ್ಪಿಗೆ ಬೇಕಿತ್ತು. ಕಂಡರಿಯದ ವರನನ್ನು ಸೇರಲು ಹಡಗು ಹತ್ತಿ ಬಂದ ವಧುಗಳು ಹಲವರು. ಬಂದವರಿಗೆ ಕಾಲರಾ, ಜ್ವರ, ಹೆರಿಗೆ, ಸಾವು ಎಲ್ಲವೂ ಎದುರಾದವು. ಕಿಟೆಲರ ಮೊದಲ ಪತ್ನಿ ಪೌಲೀನಾ 1864ರಲ್ಲಿ ತೀರಿಕೊಂಡರು. ಬಳಿಕ ಪೌಲೀನಾರ ಸಹೋದರಿ ಯೂಲಿಯಾ ಆ ಮನೆ ತುಂಬಿದರು. ಸಹೋದ್ಯೋಗಿ ವೈಗ್ಲೆ ತೀರಿಕೊಂಡ ಮೇಲೆ ಅವರ ವಿಧವೆಯನ್ನು ಮೊಗ್ಲಿಂಗ್ ವರಿಸಿದರು. ಎಲ್ಲಕ್ಕಿಂತ ದೊಡ್ಡ ತ್ಯಾಗ ಬೇರೊಂದಿತ್ತು. ಪಾದ್ರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ ಯುರೋಪಿಗೆ ಮರಳಬೇಕೆಂದು 1853ರಲ್ಲಿ ಸಮಿತಿ ನಿಯಮವನ್ನೇ ಮಾಡಿತು. ಬಾಸೆಲಿನಲ್ಲಿ ಅವರಿಗಾಗಿ ಮಕ್ಕಳ ಮನೆ ತೆರೆಯಿತು. ಹಡಗುಕಟ್ಟೆಯಲ್ಲಿ ಕೈಬೀಸಿದ ತಾಯಿ ತನ್ನ ಕೂಸನ್ನು ಮತ್ತೆ ಕಾಣುವ ಹೊತ್ತಿಗೆ ಅದು ಬೆಳೆದ ಮಗನೋ ಮಗಳೋ ಆಗಿರುತ್ತಿತ್ತು. ಕೆಲವರು ಕಾಣಲೇ ಇಲ್ಲ. ಹೀಗೆ ತನ್ನ ಹೊಟ್ಟೆಯ ಮಗನನ್ನು ಪರರ ಕೈಗೆ ಒಪ್ಪಿಸಿದ ತಾಯಿ, ಪರರ ಹೊಟ್ಟೆಯ ಹತ್ತಾರು ಹುಡುಗರಿಗೆ ಬೆಳಿಗ್ಗೆ ಗಂಜಿ ಬಡಿಸುತ್ತಿದ್ದಳು. ಮಲಯಾಳದ ನಿಘಂಟುಕಾರ ಗುಂಡರ್ಟರ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದರೂ ಎಳೆತನದಲ್ಲೇ ಯುರೋಪಿಗೆ ಹೋಗಿ ಹೆತ್ತವರಿಂದ ದೂರ ಬೆಳೆದರು. ಮುಂದೆ ಆಕೆ ಕೈಹಿಡಿದದ್ದು ಮಂಗಳೂರಿನ ಸೆಮಿನರಿಯಲ್ಲಿ ಕಲಿಸಿ ಮರಳಿದ್ದ ಯೊಹಾನ್ನೆಸ್ ಹೆಸ್ಸೆಯವರನ್ನು. ಅವರ ಮಗ, ‘ಸಿದ್ಧಾರ್ಥ’ದ ಕರ್ತೃ ಹರ್ಮನ್ ಹೆಸ್ಸೆಯನ್ನು ಕೂಡ ಬಾಲ್ಯದಲ್ಲಿ ಕೆಲವು ತಿಂಗಳು ಬಾಸೆಲಿನ ಹುಡುಗರ ಮನೆಗೆ ಸೇರಿಸಲಾಗಿತ್ತು. ದೇವರ ಕೆಲಸವೇ ಮೊದಲು ಎಂಬ ನಿಷ್ಠೆಯನ್ನು ಗೌರವಿಸೋಣ. ಅದರ ಬೆಲೆಯನ್ನು ತೆತ್ತವರು ಯಾರೂ ಒಪ್ಪಿಗೆ ಕೇಳದ ಮಕ್ಕಳು ಎಂಬುದನ್ನೂ ನೆನೆಯೋಣ.

ಧಾತು ಈಶ್ವರ ಸಂವತ್ಸರಗಳ ಬರ ಈ ಮನೆಯ ಸ್ವರೂಪವನ್ನೇ ಬದಲಿಸಿತು. 1876ರಿಂದ 1878ರವರೆಗೆ ಮಳೆಯಿಲ್ಲದೆ, ಕಾಳಿಲ್ಲದೆ ಜನ ದಾರಿಬದಿಯಲ್ಲಿ ಸತ್ತರು. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಗಂಜಿ ಕೇಂದ್ರಗಳ ಬಳಿ ದಿಕ್ಕಿಲ್ಲದೆ ಉಳಿದ ಮಕ್ಕಳನ್ನು ಮಿಶನ್ನುಗಳು ಕರೆತಂದವು. ಬಾಸೆಲಿನವರು ಉತ್ತರದಲ್ಲಿ, ವೆಸ್ಲಿಯನ್ ಮಿಶನ್ ಮೈಸೂರು ಸೀಮೆಯಲ್ಲಿ ಆ ಮಕ್ಕಳಿಗೆ ಬಾಗಿಲು ತೆರೆದರು. ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯಗಳು ಎದ್ದವು. ಅವರನ್ನು ಬದುಕಿಸಿದ್ದು ಆ ಬಾಗಿಲುಗಳೇ. ಈ ಮಾತಿನ ಮುಂದೆ ಬೇರೆ ಯಾವ ಆಕ್ಷೇಪವೂ ಮೊದಲು ನಿಲ್ಲಲಾರದು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಂಥ ಉದ್ಯಮಗಳು, ನೇಯ್ಗೆಯ ಶಾಲೆಗಳು ಬೆಳೆದ ಹುಡುಗರಿಗೆ ಅನ್ನದ ದಾರಿಯನ್ನೂ ತೋರಿಸಿದವು. ಆದರೆ ಮನೆ ಆಗ ಸಂಸ್ಥೆಯಾಯಿತು. ಹತ್ತು ಹುಡುಗರ ಹೆಸರನ್ನು, ಸ್ವಭಾವವನ್ನು, ಹಲ್ಲುನೋವನ್ನು ಬಲ್ಲ ಅಮ್ಮನವರು ನೂರು ಹುಡುಗರಿಗೆ ಮೇಲ್ವಿಚಾರಕಿಯಾದರು. ಪ್ರೀತಿಯ ಜಾಗಕ್ಕೆ ವೇಳಾಪಟ್ಟಿ ಬಂತು. ದೀಕ್ಷಾಸ್ನಾನದ ಪುಸ್ತಕದಲ್ಲಿ ಹೊಸ ಹೆಸರು ಏರಿದಾಗ ಹಳೆಯ ಊರು, ಹಳೆಯ ಬಂಧುಗಳ ಹೆಸರು ಬಹಳ ಸಲ ಬರೆಯದೇ ಉಳಿದವು. ಹಸಿದು ಬಂದ ಮಗುವಿಗೆ ಅನ್ನದ ಜೊತೆ ನಂಬಿಕೆಯನ್ನೂ ಬಡಿಸಿದಾಗ ಅದು ಒಪ್ಪಿ ತೆಗೆದುಕೊಂಡಿತೇ ಎಂದು ಕೇಳುವುದು ಆ ಕಾಲದ ರೂಢಿಯಾಗಿರಲಿಲ್ಲ. ಇಂದು ನಾವು ಕೇಳಲೇಬೇಕು. ಆ ಹುಡುಗರಲ್ಲಿ ಬಹುಮಂದಿ ಬೆಳೆದ ಮೇಲೆಯೂ ಆ ನಂಬಿಕೆಯನ್ನು ತಮ್ಮದಾಗಿಯೇ ಹಿಡಿದು, ಮಕ್ಕಳಿಗೂ ದಾಟಿಸಿದರು ಎಂಬುದನ್ನು ಅಷ್ಟೇ ಪ್ರಾಮಾಣಿಕವಾಗಿ ಹೇಳಬೇಕು.

1914ರ ಯುದ್ಧ ಬಂದಾಗ ಜರ್ಮನ್ ಪಾದ್ರಿಗಳು ಶತ್ರುದೇಶದವರಾದರು. ಅಹಮದ್‌ನಗರದ ಬಂದಿಶಿಬಿರ, ಆಮೇಲೆ ಯುರೋಪಿಗೆ ಹಡಗು. ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿದವು. ಬಂಗಲೆ ಖಾಲಿಯಾಯಿತು, ಮಾಳಿಗೆ ಖಾಲಿಯಾಗಲಿಲ್ಲ. ಅಲ್ಲಿದ್ದ ಹುಡುಗರನ್ನು ಸಾಕಿದವರು ನಮ್ಮವರೇ ಆದ ಸಭಾಪಾಲಕರು, ಮಾಸ್ತರರು, ಅವರ ಹೆಂಡಂದಿರು. ಆ ಮನೆಯಲ್ಲೇ ಬೆಳೆದವರೂ ಅವರಲ್ಲಿದ್ದರು. ಕಡಿಮೆ ಸಂಬಳ, ಏರಿದ ಅಕ್ಕಿಯ ಬೆಲೆ, ಯುದ್ಧದ ಅನುಮಾನದ ಕಣ್ಣು, ಇವುಗಳ ನಡುವೆ ಒಲೆ ಆರದಂತೆ ನೋಡಿಕೊಂಡ ಆ ಕುಟುಂಬಗಳಿಗೆ ಯಾವ ಊರಿನಲ್ಲೂ ಪ್ರತಿಮೆಯಿಲ್ಲ. ಇನ್ನೂರು ವರ್ಷಗಳ ಕಥೆಯಲ್ಲಿ ಅತ್ಯಂತ ಹೆಮ್ಮೆಪಡಬೇಕಾದ ಅಧ್ಯಾಯ ಇದು ಎಂಬುದು ನಮ್ಮ ಅಭಿಪ್ರಾಯ. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡ ಬಳಿಕ ಹೊಣೆ ಕ್ರಮೇಣ ಪೂರ್ತಿಯಾಗಿ ಇಲ್ಲಿಯವರದಾಯಿತು; ಬಲ್ಮಠದ ಸೆಮಿನರಿ 1965ರಲ್ಲಿ ಕರ್ನಾಟಕ ಥಿಯಾಲಜಿಕಲ್ ಕಾಲೇಜಾಯಿತು. ಅನಾಥಾಲಯಗಳು ಬೋರ್ಡಿಂಗ್, ಹಾಸ್ಟೆಲ್ ಆದವು. ವಿದೇಶದ ಒಬ್ಬ ದಾನಿಗೆ ಇಲ್ಲಿಯ ಒಬ್ಬ ಹುಡುಗ ಎಂಬ ಪ್ರಾಯೋಜಕತ್ವದ ಪದ್ಧತಿ ಬಂತು. ಹುಡುಗನ ಫೋಟೊ ಹೋಗುತ್ತಿತ್ತು, ಕ್ರಿಸ್ಮಸ್ಸಿಗೆ ಕಾಗದ ಬರುತ್ತಿತ್ತು. ಹಳ್ಳಿಯ ಬಡ ಮಕ್ಕಳು ಅದರಿಂದ ಹೈಸ್ಕೂಲು ಮುಗಿಸಿದರು. ಅದೇ ವೇಳೆಗೆ, ತಾಯಿತಂದೆ ಬದುಕಿದ್ದ ಮಕ್ಕಳೂ ಬಡತನವೊಂದೇ ಕಾರಣಕ್ಕೆ ಮನೆ ಬಿಟ್ಟು ಹಾಸ್ಟೆಲಿನಲ್ಲಿ ಬೆಳೆಯುವುದು ಸಹಜವೆನಿಸಿಬಿಟ್ಟಿತು.

ಈ ಉದ್ದದ ಕಥೆಯಲ್ಲಿ ಒಂದು ಮಾತನ್ನು ಮತ್ತೆ ಮತ್ತೆ ಕೊಡಲಾಯಿತು: ‘ನೀನು ನಮ್ಮ ಮಗ’. ಹೃದಯ ಹೇಳಿದ್ದನ್ನು ಕಾನೂನು ಒಪ್ಪಲಿಲ್ಲ. 1956ರ ದತ್ತಕ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗಷ್ಟೇ ಅನ್ವಯವಾಯಿತು. ಸಾಕುಮಗನಿಗೆ ಕ್ರೈಸ್ತ ದಂಪತಿಗಳು 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆಯಡಿ ಪೋಷಕರಾಗಬಹುದಿತ್ತೇ ಹೊರತು ತಾಯಿತಂದೆಯಾಗಲು ಆಗುತ್ತಿರಲಿಲ್ಲ. ಮಗು ಪ್ರಾಪ್ತವಯಸ್ಸಿಗೆ ಬಂದೊಡನೆ ಆ ನಂಟು ಕಾಗದದ ಮೇಲೆ ಮುಗಿಯುತ್ತಿತ್ತು. ಹೆಸರು, ಆಸ್ತಿ, ಉತ್ತರಾಧಿಕಾರ, ಎಲ್ಲವೂ ದೊಡ್ಡವರ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಿತ್ತು. ಬಾಲನ್ಯಾಯ ಕಾಯ್ದೆ 2000ದಲ್ಲಿ ಬಂದು, 2006ರ ತಿದ್ದುಪಡಿಯಿಂದ ಸ್ಪಷ್ಟಗೊಂಡ ಮೇಲೆಯೇ ಯಾವ ಧರ್ಮದವರಾದರೂ ಮಗುವನ್ನು ಪೂರ್ಣ ಹಕ್ಕಿನೊಡನೆ ದತ್ತು ಪಡೆಯುವ ದಾರಿ ತೆರೆಯಿತು. 2015ರ ಕಾಯ್ದೆಯ 44ನೇ ಕಲಮು ಇನ್ನೊಂದು ಹೆಜ್ಜೆ ಮುಂದಿಟ್ಟು, ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಮಗುವನ್ನು ಸಂಸ್ಥೆಯ ಬದಲು ಪೋಷಕ ಕುಟುಂಬದಲ್ಲಿ ಬೆಳೆಸಲು ಅವಕಾಶ ಕೊಟ್ಟಿತು. 2022ರ ಮಿಶನ್ ವಾತ್ಸಲ್ಯ ಮಾರ್ಗಸೂಚಿ ತಿಂಗಳಿಗೆ 4,000 ರೂಪಾಯಿ ನೆರವನ್ನು ಗೊತ್ತುಮಾಡಿತು. ಭಾರತ 1992ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆ ಇನ್ನೊಂದು ಹಳೆಯ ಪ್ರಶ್ನೆಗೂ ಉತ್ತರ ಕೊಡುತ್ತದೆ: ಮನೆಯಿಂದ ದೂರವಾದ ಮಗುವಿನ ಭಾಷೆ, ಧರ್ಮ, ಸಂಸ್ಕೃತಿಗಳನ್ನು ಗೌರವಿಸಿಯೇ ಪಾಲನೆ ನಡೆಯಬೇಕು. ಮೊಗ್ಲಿಂಗ್ ಬಯಸಿದ ಮನೆಯೂ, ಅವರ ಕಾಲ ಮಗುವಿಗೆ ಕೊಡದ ಸ್ವಾತಂತ್ರ್ಯವೂ ಈಗ ಕಾನೂನಿನ ಒಳಗೆ ಸೇರಿವೆ.

ಕಳೆದದ್ದನ್ನೂ ಗಳಿಸಿದ್ದನ್ನೂ ಒಟ್ಟಿಗೆ ನೋಡಿದರೆ ನಮ್ಮ ತೀರ್ಮಾನ ಇದು. ಮಿಶನ್ ಮನೆ ಸಾವಿರಾರು ಹುಡುಗರಿಗೆ ಪ್ರಾಣ, ಅಕ್ಷರ, ಕಸುಬು, ಸಮಾನ ಪಂಕ್ತಿ ಕೊಟ್ಟಿತು. ಮನೆತನದ ನೆನಪು, ಆಯ್ಕೆಯ ಸ್ವಾತಂತ್ರ್ಯ, ಮಗನೆಂಬ ಹಕ್ಕು, ಇವುಗಳನ್ನು ಕೊಡಲಾಗಲಿಲ್ಲ ಅಥವಾ ಕೊಡಲಿಲ್ಲ. ಅದು ಚಿಕ್ಕ ಮನೆಯಾಗಿದ್ದಾಗ ಅತ್ಯುತ್ತಮ ಕೆಲಸ ಮಾಡಿತು, ದೊಡ್ಡ ಸಂಸ್ಥೆಯಾದಂತೆ ಪ್ರೀತಿ ತೆಳುವಾಯಿತು. ಈ ಪಾಠ ಕ್ರೈಸ್ತರಿಗಷ್ಟೇ ಸೇರಿದ್ದಲ್ಲ. ಮಠಗಳ ಪ್ರಸಾದನಿಲಯಗಳು, ಯತೀಂಖಾನೆಗಳು, ಸರ್ಕಾರಿ ಬಾಲಮಂದಿರಗಳು ಎಲ್ಲವೂ ಇದನ್ನು ಓದಿಕೊಳ್ಳಬೇಕು. 2034ರ ಉತ್ಸವಕ್ಕೆ ಸಭೆಗಳು ಇನ್ನೊಂದು ಕಟ್ಟಡದ ಅಡಿಗಲ್ಲು ಹಾಕುವುದು ಬೇಡ. ಹಳೆಯ ಬೋರ್ಡಿಂಗುಗಳ ದಾಖಲೆ ಪುಸ್ತಕಗಳನ್ನು ಕಾಪಾಡಿ, ಅಲ್ಲಿ ಬೆಳೆದವರ ಮೊಮ್ಮಕ್ಕಳು ತಮ್ಮ ಬೇರು ಹುಡುಕಲು ಬಂದರೆ ತೆರೆದು ತೋರಿಸಲಿ. ಬಡತನದಿಂದ ಹಾಸ್ಟೆಲಿಗೆ ಬರುವ ಮಗುವಿನ ಖರ್ಚನ್ನು ಅದರ ತಾಯಿಯ ಕೈಗೇ ಕೊಟ್ಟು ಮಗುವನ್ನು ಮನೆಯಲ್ಲೇ ಉಳಿಸುವ ದಾರಿ ನೋಡಲಿ. ಯಾರೂ ಇಲ್ಲದ ಮಗುವಿಗೆ ಪ್ರತಿಯೊಂದು ಸಭೆಯಿಂದಲೂ ಒಂದೆರಡು ಕುಟುಂಬಗಳು ಕಾನೂನಿನ ದಾರಿಯಲ್ಲೇ, ಅದರ ಹೆಸರನ್ನೂ ನಂಬಿಕೆಯನ್ನೂ ಉಳಿಸುತ್ತೇವೆಂಬ ಮಾತಿನೊಡನೆ ಬಾಗಿಲು ತೆರೆಯಲಿ. ಓದುಗರಲ್ಲಿ ಅಂಥ ಮನಸ್ಸಿರುವವರು ತಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಇಂದೇ ವಿಚಾರಿಸಬಹುದು.