ಹಳೆಯ ಲ್ಯಾಪ್‌ಟಾಪಿಗೆ ಆಟದ ಪರೀಕ್ಷೆ

ಶಿಕಾರಿಪುರದ ಮೆಕ್ಕೆಜೋಳವನ್ನೋ ಸೊರಬದ ಅಡಿಕೆಯನ್ನೋ ಮಾರಿದ ಹಣದಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸಹೊರಟ ತಂದೆಯು ಅಂಗಡಿಯಲ್ಲಿ ಮೊದಲು ಆಡುವ ಮಾತು, "ಆಟದ್ದು ಬೇಡ ಸ್ವಾಮಿ, ಓದುವುದಕ್ಕಾಗುವಂಥದ್ದು ಕೊಡಿ" ಎಂಬುದು. ಆತನ ಕಳಕಳಿ ಸಾಧುವಾದುದೇ. ಆದರೆ ಕೊಳ್ಳುವುದು ಹಳೆಯ ಯಂತ್ರವಾದಲ್ಲಿ, ಹಣ ಎಣಿಸುವುದಕ್ಕೆ ಮುನ್ನ ಅದರ ಮೇಲೆ ಅರ್ಧ ಗಂಟೆ ಆಟವಾಡಲೇಬೇಕೆಂಬುದು ನನ್ನ ಮತ.

ದೊಡ್ಡ ಕಂಪೆನಿಗಳು ನೌಕರರಿಗೆ ಕೊಟ್ಟ ಲ್ಯಾಪ್‌ಟಾಪುಗಳನ್ನು ಸಾಮಾನ್ಯವಾಗಿ ಮೂರು ನಾಲ್ಕು ವರ್ಷಗಳಿಗೊಮ್ಮೆ ಬದಲಾಯಿಸುತ್ತವೆ. ಹಾಗೆ ಹೊರಬಿದ್ದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಪೇಟೆಗಳಲ್ಲಿ 'ರಿಫರ್ಬಿಷ್ಡ್' ಎಂಬ ಹೆಸರಿನಿಂದ ಮತ್ತೆ ಮಾರಾಟಕ್ಕೆ ಬರುತ್ತವೆ. ಹೊಸದಾದ ಅಗ್ಗದ ಯಂತ್ರಕ್ಕಿಂತ ಇವೇ ಮೇಲೆಂದು ನಾನು ಹೇಳುತ್ತೇನೆ. 2018ರ ಥಿಂಕ್‌ಪ್ಯಾಡ್ ಟಿ480ಯನ್ನೇ ನೋಡಿರಿ: ರ‍್ಯಾಮ್ ಫಲಕಗಳಿಗೆ ಎರಡು ಸ್ಥಾನಗಳು, ಒಳಗೊಂದು ಬ್ಯಾಟರಿ, ಹೊರಗೆ ಕೈಯಿಂದಲೇ ಕಳಚಬಹುದಾದ ಮತ್ತೊಂದು. ಕೆಟ್ಟುದನ್ನು ತೆಗೆದು ಬೇರೆ ಹಾಕಬಹುದು. ಆದರೆ ದುರಸ್ತಿಯೆಂಬ ಮಾತು ಕೆಲವೆಡೆ ಬಟ್ಟೆಯಿಂದ ಒರೆಸಿ ಹೊಳಪು ಕೊಡುವಲ್ಲಿಗೇ ಮುಗಿಯುತ್ತದೆ.

ಇದನ್ನು ಬಯಲಿಗೆಳೆಯುವ ಒರೆಗಲ್ಲೇ ಆಟ. ಪತ್ರ ಬರೆಯುವಾಗ ಪ್ರೊಸೆಸರಿಗೆ ಬಹುಪಾಲು ನಿದ್ರೆ. ಆಡುವಾಗಲಾದರೋ ಅದೂ ಅದರೊಳಗೇ ಇರುವ ಚಿತ್ರರಚನೆಯ ಭಾಗವೂ ಕೂಡಿ ದುಡಿಯುತ್ತವೆ, ಶಾಖ ಏರುತ್ತದೆ. ಆ ಶಾಖವನ್ನು ತಾಮ್ರದ ಕೊಳವೆಗೆ ದಾಟಿಸತಕ್ಕ ಲೇಪ ಒಣಗಿದ್ದರೆ, ಅಥವಾ ಫ್ಯಾನಿನಲ್ಲಿ ಧೂಳು ಕಟ್ಟಿದ್ದರೆ, ಉಷ್ಣತೆ 100 ಡಿಗ್ರಿ ಸೆಲ್ಸಿಯಸಿನ ಸಮೀಪಕ್ಕೆ ಹೋಗುವುದುಂಟು. ಆಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗವನ್ನು ತಗ್ಗಿಸುತ್ತದೆ. ಮೊದಲು ಸರಾಗವಾಗಿದ್ದ ಚಿತ್ರ ಹದಿನೈದು ನಿಮಿಷಗಳಲ್ಲಿ ಮುಗ್ಗರಿಸತೊಡಗಿದರೆ, ಯಂತ್ರವನ್ನು ಬಿಚ್ಚಿಯೇ ಇಲ್ಲವೆಂದು ಅನುಮಾನಿಸಬಹುದು.

ಬಳಿಕ ಆಟದ ನಡುವೆಯೇ ಚಾರ್ಜರನ್ನು ಕಳಚಿರಿ. ಲಿಥಿಯಂ ಬ್ಯಾಟರಿ ಹಳತಾದಂತೆ ಅದರ ಧಾರಣಶಕ್ತಿ ಕುಗ್ಗುವುದಲ್ಲದೆ ಒಳಗಿನ ರೋಧವೂ ಹೆಚ್ಚುತ್ತದೆ. ಭಾರ ಬಿದ್ದೊಡನೆ ವೋಲ್ಟೇಜು ಕುಸಿಯುತ್ತದೆ. ಅರ್ಧ ತುಂಬಿದೆಯೆಂದು ತೋರಿಸುತ್ತಿದ್ದ ಯಂತ್ರ ಥಟ್ಟನೆ ಆರಿಹೋಗುವುದು ಇದರಿಂದಲೇ. ಆಷಾಢದ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗುವ ಊರಿನವರಿಗೆ ಇದು ಸಣ್ಣ ದೋಷವಲ್ಲ. ಹಿಂದಿರುಗಿಸೋಣವೆಂದರೆ ಸೊರಬದಿಂದ ಬೆಂಗಳೂರಿಗೆ ಮತ್ತೊಮ್ಮೆ ರಾತ್ರಿಯ ಬಸ್ಸು.

ಇನ್ನೆರಡು ಮಾತು. ಇಂಥ ಯಂತ್ರಗಳಲ್ಲಿ ಚಿತ್ರಕ್ಕೂ ಬೇರೆ ಸ್ಮೃತಿಯಿಲ್ಲ. ಮುಖ್ಯ ರ‍್ಯಾಮನ್ನೇ ಹಂಚಿಕೊಳ್ಳಬೇಕು. ಆದುದರಿಂದ 16 ಜಿಬಿಯ ಒಂದು ಫಲಕಕ್ಕಿಂತ 8 ಜಿಬಿಯ ಎರಡು ಮೇಲು. ಎರಡು ದಾರಿಗಳಲ್ಲಿ ಮಾಹಿತಿ ಹರಿಯುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಮುಂದಿನ ವಿಂಡೋಸ್ 11 ಕೆಲವೊಂದು ಅಪವಾದಗಳನ್ನು ಬಿಟ್ಟರೆ ಇಂಟೆಲಿನ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳನ್ನು ಒಪ್ಪದು. ಬೆಲೆ ಇಳಿಸಿದರೆಂದು ಆರನೆಯದಕ್ಕೋ ಏಳನೆಯದಕ್ಕೋ ಮರುಳಾಗಬೇಡಿರಿ.

ಹೊಸ ಭಾರಿ ಆಟಗಳು ಇವುಗಳಲ್ಲಿ ಓಡಲಾರವು. ಚದುರಂಗ, ಮೈನ್‌ಕ್ರಾಫ್ಟ್, ಹಳೆಯ ಕ್ರಿಕೆಟ್ ಆಟಗಳು ಓಡುತ್ತವೆ. ತಂದೆಗೆ ಅಷ್ಟು ಸಮಾಧಾನವಂತೂ ಉಂಟು.