ಟೋನಿಯ ಜಾಗದಲ್ಲಿ ಜ್ಯಾಕ್

ತೀರಿಹೋದ ಕಲಾವಿದನಿಗೆ ಇನ್ನೊಬ್ಬ ಕಲಾವಿದ ಗೌರವ ಸಲ್ಲಿಸುವ ಬಗೆ ಯಾವುದು? ಅವನು ನುಡಿಸಿದ್ದನ್ನೇ ಮತ್ತೆ ನುಡಿಸಬೇಕೇ, ಅದನ್ನು ಕೇಳಿ ತನಗೆ ಹೊಳೆದದ್ದನ್ನು ನುಡಿಸಬೇಕೇ? ಜ್ಯಾಝ್‌ನಲ್ಲಿ ಈ ಪ್ರಶ್ನೆ ಬೇಗ ಬಿಸಿಯೇರುತ್ತದೆ. ಅಲ್ಲಿ ದೊಡ್ಡವರಾದವರು ಮನೋಧರ್ಮದಿಂದ ದೊಡ್ಡವರಾದವರು. ಮನೋಧರ್ಮವನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಸ್ವರಗಳೆಲ್ಲ ಬರುತ್ತವೆ, ಮನೋಧರ್ಮ ಮಾತ್ರ ಬರುವುದಿಲ್ಲ.

ಹಾಗೆ ಒಪ್ಪಿಸಿ ನೋಡಿದವರೂ ಇದ್ದಾರೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಮನ್ನು ಅಮೆರಿಕದ 'ಮೋಸ್ಟ್ಲಿ ಅದರ್ ಪೀಪಲ್ ಡು ದ ಕಿಲ್ಲಿಂಗ್' ತಂಡ ಸ್ವರಕ್ಕೆ ಸ್ವರ ನಕಲು ಮಾಡಿ 2014ರಲ್ಲಿ 'ಬ್ಲೂ' ಎಂದು ಹೊರತಂದಿತು. ನಕಲು ಎಲ್ಲಿಯವರೆಗೆ ಹೋಗಬಲ್ಲದು ಎಂದು ಪರೀಕ್ಷಿಸಿದ ಆ ಶ್ರಮ ಸಣ್ಣದಲ್ಲ. ಆದರೂ 1959ರಲ್ಲಿ ನುಡಿಸಿದವರಿಗೆ ಮುಂದಿನ ಸ್ವರ ಯಾವುದೆಂದು ಗೊತ್ತಿರಲಿಲ್ಲ, 2014ರವರಿಗೆ ಗೊತ್ತಿತ್ತು. ನನ್ನ ಮಟ್ಟಿಗೆ ಇಡೀ ವ್ಯತ್ಯಾಸ ಇಲ್ಲೇ ಇದೆ.

ಡ್ರಮ್ಸ್ ವಾದಕನೊಬ್ಬ ಇನ್ನೊಬ್ಬ ಡ್ರಮ್ಸ್ ವಾದಕನಿಗಾಗಿ ತಂಡ ಕಟ್ಟಿದಾಗ ಇದು ಇನ್ನೂ ನಿಚ್ಚಳವಾಗುತ್ತದೆ. 1963ರಲ್ಲಿ ಮೈಲ್ಸ್ ತಂಡ ಸೇರಿದಾಗ ಟೋನಿ ವಿಲಿಯಮ್ಸ್‌ಗೆ ವಯಸ್ಸು 17. 1969ರಲ್ಲಿ ಅವನು ಇಂಗ್ಲೆಂಡಿನಿಂದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್‌ನನ್ನು ಕರೆಸಿಕೊಂಡ (ನಮ್ಮವರಿಗೆ 'ಶಕ್ತಿ' ತಂಡದಿಂದ ಚಿರಪರಿಚಿತನಾದವನು ಇವನೇ), ಆರ್ಗನ್‌ಗೆ ಲ್ಯಾರಿ ಯಂಗ್‌ನನ್ನು ಜೊತೆ ಮಾಡಿಕೊಂಡು 'ಲೈಫ್‌ಟೈಮ್' ಕಟ್ಟಿದ. ಮೈಲ್ಸ್ ತಂಡದಲ್ಲಿ ಅವನು ಬಿಟ್ಟುಹೋದ ಜಾಗಕ್ಕೆ ಬಂದವನು ಜ್ಯಾಕ್ ಡಿಜಾನೆಟ್. ಟೋನಿ 1997ರಲ್ಲಿ, 51ನೇ ವಯಸ್ಸಿನಲ್ಲಿ ತೀರಿಕೊಂಡ. ಗಿಟಾರ್ ವಾದಕ ಜಾನ್ ಸ್ಕೋಫೀಲ್ಡ್ ಮತ್ತು ಆರ್ಗನ್ ವಾದಕ ಲ್ಯಾರಿ ಗೋಲ್ಡಿಂಗ್ಸ್ ಜೊತೆ ಡಿಜಾನೆಟ್ 'ಟ್ರಿಯೋ ಬಿಯಾಂಡ್' ಕಟ್ಟಿದ್ದು ಲೈಫ್‌ಟೈಮ್‌ನ ನೆನಪಿಗಾಗಿಯೇ. 2004ರ ನವೆಂಬರ್‌ನಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ಅವರು ನುಡಿಸಿದ ಕಛೇರಿ, 2006ರಲ್ಲಿ 'ಸೌದಾದ್ಸ್' ಎಂಬ ಜೋಡಿ ಸಿಡಿಯಾಗಿ ಇಸಿಎಂ ಕಂಪನಿಯಿಂದ ಬಂತು.

ಇದನ್ನು ಕೇಳುವಾಗ ಕಿವಿಯನ್ನು ಹೈ-ಹ್ಯಾಟ್ ಕಡೆಗೆ ಕೊಡಬೇಕು. ಎಡಗಾಲಿನಲ್ಲಿ ತುಳಿಯುವ ಆ ಜೋಡಿ ತಟ್ಟೆಗಳು ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಕೂಡಬೇಕೆಂಬುದು ಜ್ಯಾಝ್‌ನ ಹಳೆಯ ರೂಢಿ. ಅರವತ್ತರ ದಶಕದಲ್ಲಿ ಟೋನಿ ನಾಲ್ಕೂ ಪೆಟ್ಟಿಗೆ ತುಳಿಯತೊಡಗಿದ. ತಂಡದ ಅಡಿಯಲ್ಲಿ ಬಿಡುವಿಲ್ಲದ ನೂಕು ಹುಟ್ಟಿತು. ಡಿಜಾನೆಟ್ ಕಾಲು ಹಾಗೆ ಒಂದು ಲೆಕ್ಕಕ್ಕೆ ಕಟ್ಟುಬೀಳುವುದಿಲ್ಲ. ಬೇಕೆಂದಾಗ ಕೂಡುತ್ತದೆ, ಬೇಡವಾದಾಗ ಸುಮ್ಮನಿರುತ್ತದೆ. ಅವನ ತಟ್ಟೆಗಳ ದನಿಯೂ ಒಣಗಿದ್ದು, ತುಂಡಾದದ್ದು. ಹೊಡೆದ ಮೇಲೆ ಬಹಳ ಹೊತ್ತು ಗುಂಯ್ಗುಡುವುದಿಲ್ಲ. ಟೋನಿಯ ಗೌರವಾರ್ಥ ಸೇರಿದ ಕಛೇರಿಯಲ್ಲಿ ಟೋನಿಯ ಗುರುತಿನ ಪೆಟ್ಟನ್ನು ಡಿಜಾನೆಟ್ ಎರವಲು ಪಡೆಯುವುದಿಲ್ಲ.

'ಸೆವೆನ್ ಸ್ಟೆಪ್ಸ್ ಟು ಹೆವನ್' ಅಂತೂ ಇದಕ್ಕೆ ನೇರ ಸಾಕ್ಷಿ. ಈ ರಚನೆಯಲ್ಲಿ ಡ್ರಮ್ಸ್‌ಗೆಂದೇ ಬಿಟ್ಟ ಖಾಲಿ ಜಾಗಗಳಿವೆ. 1963ರ ಮೈಲ್ಸ್ ಆಲ್ಬಮ್‌ನಲ್ಲಿ ಹುಡುಗ ಟೋನಿ ಅವನ್ನು ತುಂಬಿದ ರೀತಿಯನ್ನು ತಲೆಮಾರುಗಳ ಡ್ರಮ್ಸ್ ವಾದಕರು ಕಲಿತಿದ್ದಾರೆ. 62 ವರ್ಷದ ಡಿಜಾನೆಟ್‌ಗೂ ಅದು ಗೊತ್ತಿರದೆ ಇರಲು ಸಾಧ್ಯವಿಲ್ಲ. ಆದರೂ ಆ ಜಾಗ ಬಂದಾಗಲೆಲ್ಲ ಅವನು ತನ್ನ ಮಾತನ್ನೇ ಆಡುತ್ತಾನೆ. ನಾನು ಇದನ್ನೇ ಗೌರವ ಎನ್ನುತ್ತೇನೆ.

ಹಾಗಾದರೆ ಟೋನಿಯ ಹೆಸರೇಕೆ, ಹೆಸರನ್ನು ಬಳಸಿಕೊಂಡು ತಮಗೆ ತೋಚಿದ್ದು ನುಡಿಸಿದಂತಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಆಕ್ಷೇಪವೇ. ಗೌರವದ ಹೆಸರಿನಲ್ಲಿ ಅಂಥ ವ್ಯಾಪಾರ ನಡೆಯುವುದೂ ನಿಜ. ಅದಕ್ಕೇ ಈ ಮೂವರು ಏನನ್ನು ಬಿಟ್ಟುಕೊಡಲಿಲ್ಲ ಎಂಬುದನ್ನು ನೋಡಬೇಕು. ಲೈಫ್‌ಟೈಮ್ ಶುರುವಾದಾಗ ಅದರಲ್ಲಿ ಬೇಸ್ ವಾದಕ ಇರಲಿಲ್ಲ. ಇವರೂ ಇಟ್ಟುಕೊಳ್ಳಲಿಲ್ಲ. ಆಸರೆಯ ಆ ಕೆಲಸ ಆರ್ಗನ್‌ಗೆ ಬೀಳುತ್ತದೆ, ಆರ್ಗನ್ ವಾದಕ ಅರ್ಧ ಗಮನವನ್ನು ಯಾವಾಗಲೂ ತಳದಲ್ಲೇ ಇಡಬೇಕಾಗುತ್ತದೆ, ಡ್ರಮ್ಸ್‌ಗೆ ಒರಗಲು ಬೇರೆ ಗೋಡೆ ಇರುವುದಿಲ್ಲ. ರಚನೆಗಳಲ್ಲೂ ಅಷ್ಟೇ: ಮೆಕ್‌ಲಾಫ್ಲಿನ್‌ನ 'ಸ್ಪೆಕ್ಟ್ರಮ್', ಲ್ಯಾರಿ ಯಂಗ್‌ನ 'ಅಲ್ಲಾ ಬಿ ಪ್ರೇಯ್ಸ್ಡ್', ಟೋನಿಯದೇ 'ಪೀ ವೀ', ಕಡೆಗೆ 'ಎಮರ್ಜೆನ್ಸಿ'. ಟೋನಿ ಎದುರಿಸಿದ ಇಕ್ಕಟ್ಟನ್ನು ಇವರು ಹಾಗೇ ಹೊತ್ತುಕೊಂಡರು. ಅದರಿಂದ ಪಾರಾಗುವ ದಾರಿಯನ್ನು ಮಾತ್ರ ತಾವೇ ಹುಡುಕಿದರು. ಹೆಸರನ್ನು ಮಾರುವವರು ಮಾಡುವುದು ಇದಕ್ಕೆ ತಿರುಗುಮುರುಗಾಗಿ: ಇಕ್ಕಟ್ಟನ್ನು ಕೈಬಿಟ್ಟು ದನಿಯನ್ನಷ್ಟೇ ಹಿಡಿದುಕೊಳ್ಳುತ್ತಾರೆ.

ಎಲ್ವಿನ್ ಜೋನ್ಸ್ 1992ರ ಡಿಸೆಂಬರ್‌ನಲ್ಲಿ ಟೋಕಿಯೋದ ಪಿಟ್ ಇನ್ ಕ್ಲಬ್ಬಿನಲ್ಲಿ ಸ್ಯಾಕ್ಸೋಫೋನ್ ವಾದಕ ಕೋಲ್ಟ್ರೇನ್‌ನ 'ಎ ಲವ್ ಸುಪ್ರೀಮ್' ನುಡಿಸಿದಾಗ ಇನ್ನೂ ದೂರ ಹೋದ. 1964ರ ಮೂಲ ಧ್ವನಿಮುದ್ರಣದಲ್ಲಿ ಡ್ರಮ್ಸ್‌ಗೆ ಕುಳಿತಿದ್ದವನೇ ಅವನು. ಹಳೆಯದನ್ನು ಹಾಗೇ ಮರಳಿ ಕಟ್ಟುವ ಹಕ್ಕು ಅವನಿಗಿದ್ದಷ್ಟು ಯಾರಿಗೂ ಇರಲಿಲ್ಲ. ಆದರೆ ಅವನು ಸ್ಯಾಕ್ಸೋಫೋನನ್ನೇ ಕೈಬಿಟ್ಟು ವಿಂಟನ್ ಮಾರ್ಸಾಲಿಸ್‌ನ ಟ್ರಂಪೆಟನ್ನು ಎದುರಿಗೆ ನಿಲ್ಲಿಸಿದ. ಕೋಲ್ಟ್ರೇನ್‌ನ ನಕಲು ಹುಟ್ಟುವ ದಾರಿಯೇ ಮುಚ್ಚಿಹೋಯಿತು.

ಡಿಜಾನೆಟ್, ಎಲ್ವಿನ್ ಇಬ್ಬರ ಈ ಆಲ್ಬಮ್‌ಗಳೂ ಕಛೇರಿಯಲ್ಲೇ ಮುದ್ರಣಗೊಂಡಿರುವುದೂ ಮುಖ್ಯ. ಜನರ ಎದುರು ಕುಳಿತವನಿಗೆ ಇನ್ನೊಂದು ಟೇಕ್ ಇರುವುದಿಲ್ಲ, ಎಡವಿದರೆ ಎಡವಿದ್ದೇ ಉಳಿಯುತ್ತದೆ.

'ಸೌದಾದ್ಸ್' ಬಗ್ಗೆ ನನಗೊಂದು ಅತೃಪ್ತಿ ಉಳಿದಿದೆ. ಲೈಫ್‌ಟೈಮ್‌ನ ಮೊದಲ ಆಲ್ಬಮ್ 'ಎಮರ್ಜೆನ್ಸಿ!'ಯ ಮುದ್ರಣ ಒರಟು. ಗಿಟಾರ್, ಆರ್ಗನ್‌ಗಳ ದನಿ ಒಡೆದು ಬರುತ್ತದೆ. ಅದು ತಾಂತ್ರಿಕ ದೋಷವೇ, ಸಂಶಯವಿಲ್ಲ. ಆದರೆ ಆ ಒಡಕಿನಲ್ಲಿ, ಮೂವರು ಯುವಕರು ಗುರುತಿಲ್ಲದ ಜಾಗಕ್ಕೆ ನುಗ್ಗುವ ಆತುರವೂ ಕೇಳಿಸುತ್ತದೆ. ಲಂಡನ್ ಕಛೇರಿಯ ಸ್ವಚ್ಛ ಮುದ್ರಣದಲ್ಲಿ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಸಿಗುತ್ತದೆ, ಅಪಾಯ ಮಾತ್ರ ಸ್ವಲ್ಪ ಕಡಿಮೆಯಾಗಿದೆ. ಸಭಿಕರಿಗೆ ಈ ಸಂಗೀತದ ಬೆಲೆ ಮೊದಲೇ ಗೊತ್ತಿತ್ತು. 1969ರಲ್ಲಿ ಟೋನಿಗೆ ಆ ಅನುಕೂಲ ಇರಲಿಲ್ಲ. ಹೊಸದಾಗಿ ಕೇಳುವವರು ಮೊದಲು 'ಸೌದಾದ್ಸ್' ಕೇಳಲಿ. ಆ ಕಿವಿಯಲ್ಲೇ 'ಎಮರ್ಜೆನ್ಸಿ!'ಗೆ ಹೋದರೆ, ಗದ್ದಲದ ಅಡಿಯಲ್ಲಿ ಟೋನಿ ಏನು ಮಾಡುತ್ತಿದ್ದನೆಂಬುದು ಸ್ಪಷ್ಟವಾಗುತ್ತದೆ.