ದೇವರಾಜ ಮಾರುಕಟ್ಟೆಯನ್ನು ಕೆಡವತಕ್ಕದ್ದೇ?

ಪಾರಂಪರಿಕ ಕಟ್ಟಡವೆಂದೊಡನೆ ನಮ್ಮ ಜನರ ಕಣ್ಣೆದುರಿಗೆ ಬಂದು ನಿಲ್ಲುವುದು ಅರಮನೆ, ಗೋಪುರ, ದಸರೆಯ ದೀಪಾಲಂಕಾರಗಳೇ ಹೊರತು, ಶತಮಾನಕ್ಕೂ ಮಿಕ್ಕ ಕಾಲದಿಂದ ಊರಿಗೆ ಹೂವು, ಹಣ್ಣು, ತರಕಾರಿಗಳನ್ನು ಒದಗಿಸುತ್ತ ಬಂದಿರುವ ಪೇಟೆಯ ಪ್ರಾಂಗಣವಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ನೆಲಸಮಗೊಳಿಸಿ ಅದೇ ಸ್ವರೂಪದಲ್ಲಿ ಹೊಸದೊಂದನ್ನು ನಿರ್ಮಿಸುವೆವೆಂಬ ಮಾತು ಇಷ್ಟು ಸಲೀಸಾಗಿ ಹೊರಬರುತ್ತಿರುವುದಕ್ಕೆ ಈ ದೃಷ್ಟಿದೋಷವೇ ಮೂಲಕಾರಣವೆಂದು ನಾನು ತಿಳಿದಿದ್ದೇನೆ. ಅರಮನೆಯ ಗೋಡೆ ಬಿರುಕುಬಿಟ್ಟರೆ ದುರಸ್ತಿಯ ವಿಚಾರವೆತ್ತುವ ನಾವು, ಮಾರುಕಟ್ಟೆಯ ಗೋಡೆ ಬಿರುಕುಬಿಟ್ಟರೆ ಮೊದಲು ನೆನೆಯುವುದು ಹಾರೆಯನ್ನು.

ಕೆಡವಬೇಕೆನ್ನುವವರ ಭೀತಿ ನಿರಾಧಾರವಾದುದೆಂದು ಯಾರೂ ಹೇಳಲಾರರು. 2012ರ ಆಗಸ್ಟಿನಲ್ಲಿ ಇದೇ ಊರಿನ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಅಸುನೀಗಿದರು. 2016ರ ಆಗಸ್ಟಿನಲ್ಲಿ ಧನ್ವಂತರಿ ರಸ್ತೆಯ ಕಡೆಗಿನ ಮಾರುಕಟ್ಟೆಯ ಉತ್ತರ ದ್ವಾರವೇ ಉರುಳಿತು. ಆದರೆ ಉರುಳಿದ್ದು ವಯಸ್ಸಿನ ದೆಸೆಯಿಂದಲೋ, ಉಪೇಕ್ಷೆಯ ದೆಸೆಯಿಂದಲೋ ಎಂಬುದನ್ನು ವಿವೇಚಿಸದೆ ಕೊಡುವ ತೀರ್ಪು ನ್ಯಾಯವೆನಿಸದು. ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆ ತನ್ನೊಳಗಿನ ತೇವವನ್ನು ಹೊರಗೆ ಬಿಡುತ್ತಲೇ ಬಾಳತಕ್ಕದ್ದು. ಅದರ ಮೇಲೆ ಸಿಮೆಂಟನ್ನು ಮೆತ್ತಿದರೆ ತೇವ ಒಳಗೇ ನಿಂತು ಇಟ್ಟಿಗೆಯನ್ನು ಪುಡಿಮಾಡುತ್ತದೆ. ಚಾವಣಿಯ ನೀರು ಹರಿದುಹೋಗದಿದ್ದರೆ ತೊಲೆ ಕೊಳೆಯುತ್ತದೆ. ಸಂದಿನಲ್ಲಿ ಚಿಗುರಿದ ಅರಳಿಯ ಸಸಿಯನ್ನು ಎಳೆಯದಾಗಿರುವಾಗಲೇ ಕಿತ್ತೆಸೆಯದಿದ್ದರೆ ಅದರ ಬೇರು ಗೋಡೆಯನ್ನೇ ಸೀಳುತ್ತದೆ. ಇವೆಲ್ಲ ವರ್ಷವರ್ಷವೂ ಅಲ್ಪವೆಚ್ಚದಲ್ಲಿ ನಿವಾರಿಸಬಹುದಾದ ವ್ಯಾಧಿಗಳು. ಚಿಕಿತ್ಸೆಯನ್ನೇ ಮಾಡದವರು ರೋಗ ಅಸಾಧ್ಯವೆಂದು ಸಾರುವುದು ನನಗೆ ಸಮ್ಮತವಲ್ಲ. ತಜ್ಞರಾದರೂ ಏಕಾಭಿಪ್ರಾಯದವರಲ್ಲ: ಒಂದು ಸಮಿತಿ ಕೆಡವಿ ಕಟ್ಟಬೇಕೆಂದರೆ, ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯವರು ಜೀರ್ಣೋದ್ಧಾರ ಸಾಧ್ಯವೆಂದರು, ವಿವಾದವು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಚಿಕ್ಕ ಗಡಿಯಾರವೆಂಬ ಗಡಿಯಾರಗೋಪುರದ ಬದಿಯಿಂದ ಮಾರುಕಟ್ಟೆಯ ಒಳಹೊಕ್ಕು ನೋಡಿದವರಿಗೆ ಇದರ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಗೋಪುರದಂತೆ ಪೇರಿಸಿದ ಕುಂಕುಮ, ಅರಿಶಿನ, ರಂಗೋಲಿಯ ಬಣ್ಣಗಳು, ಒದ್ದೆ ಬಟ್ಟೆಯ ಮರೆಯಲ್ಲಿ ಬಾಡದೆ ಉಳಿದ ಮಲ್ಲಿಗೆ, ಕಟ್ಟುಕಟ್ಟಾದ ಚಿಗುರು ವೀಳ್ಯದೆಲೆ, ತೂಗುಬಿಟ್ಟ ಬಾಳೆಗೊನೆಗಳು, ತಂದೆಯ ಅನಂತರ ಮಗನೂ ಕುಳಿತು ಮೊಳದಿಂದ ಹೂವನ್ನು ಅಳೆಯುವ ಆ ಕಟ್ಟೆ, ಇವೆಲ್ಲ ಕೂಡಿ ಮಾರುಕಟ್ಟೆಯಾದುದೇ ಹೊರತು ಕಮಾನು ಮಾತ್ರದಿಂದಲ್ಲ. ಮದುವೆಗೆ ಹೂವು ಕೊಳ್ಳಲು ಬಂದ ಸಿರಿವಂತನೂ, ಸಂಜೆಯ ಸಾರಿಗೆ ಸೊಪ್ಪು ಕೊಳ್ಳಲು ಬಂದ ಕೂಲಿಯವಳೂ ಒಂದೇ ಓಣಿಯಲ್ಲಿ ಭುಜ ತಾಗಿಸಿ ನಡೆಯುವ ಸ್ಥಳಗಳು ನಮ್ಮ ನಗರಗಳಲ್ಲಿ ಇನ್ನೆಷ್ಟು ಉಳಿದಿವೆ?

ಹಳೆಯ ಮುಖವನ್ನೇ ಹೊಸ ಕಾಂಕ್ರೀಟಿಗೆ ತೊಡಿಸಿದರೆ ಪರಂಪರೆ ಉಳಿದಂತಾಯಿತೆಂಬ ವಾದವನ್ನು ನಾನು ಒಪ್ಪಲಾರೆ. ಪ್ರತಿಕೃತಿಗೆ ಪೂರ್ವಿಕರ ಕೈಕೆಲಸವಿಲ್ಲ. ಅದು ಮೇಲೇಳುವ ವರ್ಷಗಳಲ್ಲಿ ಚದುರಿಹೋದ ಸಣ್ಣ ವ್ಯಾಪಾರಿ ತನ್ನ ಗಿರಾಕಿಯನ್ನು ಕಳೆದುಕೊಂಡಿರುತ್ತಾನೆ, ಹೊಸ ಬಾಡಿಗೆಯನ್ನು ತೆರಲು ಅವನಿಗೆ ಶಕ್ತಿಯಿರುತ್ತದೆಂಬ ಭರವಸೆಯೂ ಇಲ್ಲ.

ಜೀವಕ್ಕೆ ಅಪಾಯವಿರುವ ಭಾಗಕ್ಕೆ ಇಂದೇ ಆಸರೆ ಕೊಡಲಿ, ಅಲ್ಲಿನವರನ್ನು ತಾತ್ಕಾಲಿಕವಾಗಿ ಬೇರೆಡೆಗೆ ಸಾಗಿಸಲಿ. ಅದಕ್ಕೆ ಯಾರ ಅಡ್ಡಿಯೂ ಇರಲಾರದು. ಆದರೆ ಗಾರೆಯ ಕೆಲಸ ಬಲ್ಲವರಿಂದ ಒಂದೊಂದೇ ಭಾಗವಾಗಿ ದುರಸ್ತಿ ಮಾಡಿಸಿ ನೋಡುವ ಮೊದಲು ಇಡಿಯ ಮಾರುಕಟ್ಟೆಗೆ ಹಾರೆ ಹಾಕತಕ್ಕದ್ದಲ್ಲ. ಮೈಸೂರಿನ ಮಹಾಜನರು ಈ ಒತ್ತಾಯವನ್ನು ತಮ್ಮ ಪ್ರತಿನಿಧಿಗಳ ಮುಂದೆ ಗಟ್ಟಿಯಾಗಿ ಇಡಬೇಕೆಂದು ನಾನು ಪ್ರಾರ್ಥಿಸುತ್ತೇನೆ.